ಮೀಟರ್ ಬೋರ್ಡ್ ನೋಡಿ ಮನೆ ಹಿಡಿಯಿರಿ: ಶಿವಮೊಗ್ಗದಲ್ಲಿ ಬಾಡಿಗೆಗೆ ಹುಡುಕುವವರಿಗೆ

ನಾನು ಶಿವಮೊಗ್ಗದಲ್ಲಿ ಕರೆಂಟ್ ಮೀಟರ್ ಓದುವವನು. 14 ವರ್ಷ ಆಯಿತು. ಗೇಟ್ ತೆಗೆಯುವುದು, ನಾಯಿ ಕಟ್ಟಿದ್ದಾರಾ ನೋಡುವುದು, ಬೋರ್ಡಿನ ಮುಂದೆ ನಿಂತು ನಂಬರ್ ಹೊಡೆಯುವುದು, ಬಿಲ್ ಹರಿದು ಬಾಗಿಲ ಸಂದಿಗೆ ಸಿಕ್ಕಿಸುವುದು, ಮುಂದಿನ ಮನೆ. ಜನ ನನ್ನ ಹತ್ತಿರ ಬಿಲ್ ಯಾಕೆ ಜಾಸ್ತಿ ಬಂತು ಅಂತ ಕೇಳುತ್ತಾರೆ, ನಿಜ. ಆದರೆ ಅದಕ್ಕಿಂತ ಹೆಚ್ಚು ಕೇಳುವುದು ಇನ್ನೊಂದು: "ಈ ಕಡೆ ಯಾವುದಾದ್ರೂ ಮನೆ ಖಾಲಿ ಇದೆಯಾ ಅಣ್ಣಾ?"

ಇರುತ್ತದೆ. ಅದೇ ವಿಚಿತ್ರ. ಒಂದೊಂದು ಬೀದಿಯಲ್ಲಿ ನಾಲ್ಕೈದು ಮನೆಯ ಮೀಟರ್ ತಿಂಗಳುಗಟ್ಟಲೆ ಅಲುಗಾಡುವುದಿಲ್ಲ. ಅದೇ ಬೀದಿಯಲ್ಲಿ ಮನೆ ಸಿಗದೆ ಅಲೆಯುವವರೂ ಇರುತ್ತಾರೆ. ಖಾಲಿ ಮನೆ ಇದ್ದರೂ ಬಾಡಿಗೆ ಇಳಿಯುವುದಿಲ್ಲ. ಯಾಕೆ ಅಂತ ನನಗೆ ಗೊತ್ತಾಗಲು ಐದು ಮನೆ ಬದಲಾಯಿಸಬೇಕಾಯಿತು, ಒಂದು ಸಲ ದುಡ್ಡೂ ಕಳೆದುಕೊಳ್ಳಬೇಕಾಯಿತು. ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಯಾರ ಮನೆಯಲ್ಲಿ ಎಷ್ಟು ಯೂನಿಟ್ ಓಡುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ, ನೀವೂ ನಿಮ್ಮ ಬೀದಿಯ ಮೀಟರ್ ರೀಡರ್‌ನ ಕೇಳಬೇಡಿ. ನೀವು ನೋಡಲು ಹೋದ ಮನೆಯ ಬಿಲ್ಲನ್ನು ಓನರ್ ಹತ್ತಿರವೇ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಬಾಡಿಗೆ ಯಾರು ಕಟ್ಟುತ್ತಾರೆ ಅನ್ನುವುದಕ್ಕಿಂತ ಮನೆ ಯಾರು ಕಟ್ಟಿದರು ನೋಡಿ

2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಇಡೀ ಜಿಲ್ಲೆಯದ್ದು 17.52 ಲಕ್ಷ. ಅಷ್ಟು ಹೇಳಿದರೆ ಊರು ಅರ್ಥ ಆಗುವುದಿಲ್ಲ. ಇಲ್ಲಿ ಮನೆ ಕಟ್ಟಿಸಿರುವ ಎಷ್ಟೋ ಜನ ಇಲ್ಲಿರುವುದೇ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯ ತೋಟದವರು ಅಡಿಕೆಗೆ ಒಳ್ಳೆ ರೇಟ್ ಬಂದ ವರ್ಷ ಇಲ್ಲೊಂದು ಸೈಟ್ ಹಿಡಿಯುತ್ತಾರೆ. ಇನ್ನೆರಡು ಫಸಲು ಕಳೆದ ಮೇಲೆ ಮನೆ ಏಳುತ್ತದೆ. ಮಗಳು ಪಿಯುಸಿಗೆ ಬಂದಾಗ ಅಮ್ಮ ಮಗಳು ಬಂದು ಇರುತ್ತಾರೆ, ಅಪ್ಪ ತೋಟದಲ್ಲಿ. ಮಗಳು ಬೆಂಗಳೂರಿಗೆ ಹೋದ ಮೇಲೆ ಮನೆಗೆ ಬೀಗ. ಇಂಥ ಮನೆಗೆ ಬ್ಯಾಂಕ್ ಸಾಲ ಇರುವುದು ಕಮ್ಮಿ. ಕಂತಿನ ತಲೆನೋವು ಇಲ್ಲದವನಿಗೆ ಮನೆ ಖಾಲಿ ಬಿದ್ದರೆ ಏನು ನಷ್ಟ? "ಹತ್ತು ಸಾವಿರಕ್ಕೆ ಕಮ್ಮಿ ಕೊಡಲ್ಲ" ಅಂತ ವರ್ಷ ಪೂರ್ತಿ ಕಾಯುತ್ತಾನೆ.

ಹಾಗಾಗಿ ನನ್ನ ಮೊದಲ ಪಾಠ: ಶಿವಮೊಗ್ಗದಲ್ಲಿ ಬಾಡಿಗೆಯನ್ನು ಮಾರ್ಕೆಟ್ ನಿರ್ಧರಿಸುವುದಿಲ್ಲ, ಓನರ್ ಪರಿಸ್ಥಿತಿ ನಿರ್ಧರಿಸುತ್ತದೆ. ಚೌಕಾಸಿ ಮಾಡುವ ಮೊದಲು ಓನರ್ ಯಾವ ತರಹದವರು ಅಂತ ತಿಳಿಯಿರಿ.

ಸಾಲ ಮಾಡಿ ಮನೆ ಕಟ್ಟಿ ಮಹಡಿಯನ್ನು ಬಾಡಿಗೆಗೆ ಬಿಟ್ಟವರು ಒಂದು ತರಹ. ತಿಂಗಳು ಖಾಲಿ ಹೋದರೆ ಕಂತಿಗೆ ಕೈಯಿಂದ ಹಾಕಬೇಕು. ಇವರ ಹತ್ತಿರ ಚೌಕಾಸಿ ನಡೆಯುತ್ತದೆ. 500, 1,000 ಇಳಿಯುತ್ತಾರೆ, ಆದರೆ ಅಡ್ವಾನ್ಸ್ ಪೂರ್ತಿ ಬೇಕು ಅನ್ನುತ್ತಾರೆ.

ಅಡಿಕೆಯವರು ಎರಡನೇ ತರಹ. ಬಾಡಿಗೆ ಇಳಿಸುವುದಿಲ್ಲ, ಆದರೆ ಏರಿಸುವುದೂ ಮರೆತುಬಿಡುತ್ತಾರೆ. ನಮ್ಮ ಮೂರನೇ ಮನೆಯಲ್ಲಿ ನಾಲ್ಕು ವರ್ಷ ಒಂದೇ ಬಾಡಿಗೆ ಕೊಟ್ಟೆ. ಇವರ ಹತ್ತಿರ ಒಂದೇ ಪ್ರಶ್ನೆ ಕೇಳಬೇಕು: "ನಿಮ್ಮ ಮಗ ಈಗ ಎಷ್ಟನೇ ಕ್ಲಾಸು?" ಎಂಟನೇ ಕ್ಲಾಸು ಅಂದರೆ ನಿಮಗೆ ಮೂರು ವರ್ಷ ಇದೆ. ಹತ್ತನೇ ಕ್ಲಾಸು ಅಂದರೆ ಬರುವ ಮೇ ತಿಂಗಳಲ್ಲಿ ಮನೆ ಬಿಡಿ ಅನ್ನುತ್ತಾರೆ. ನಾನು ಇದನ್ನು ಕೇಳದೆ ಹೋಗಿ, ಹತ್ತು ತಿಂಗಳಿಗೆ ಗಂಟುಮೂಟೆ ಕಟ್ಟಿದ್ದೇನೆ.

ಮೂರನೇ ತರಹದವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವಿನೋಬನಗರದ ಹಳೇ ಭಾಗದಲ್ಲಿ ನಾನು ಓದುವ ಒಂದು ಮನೆ ಇದೆ. ಕೆಳಗೆ ಒಬ್ಬರೇ ಅಮ್ಮ, ವಯಸ್ಸು ಎಂಬತ್ತರ ಹತ್ತಿರ. ಯಜಮಾನರು ಮೇಷ್ಟ್ರಾಗಿದ್ದವರು, ಈಗಿಲ್ಲ. ಮಕ್ಕಳಿಬ್ಬರೂ ಹೊರಗೆ. ಮೀಟರ್ ತಿಂಗಳಿಗೆ ಇಪ್ಪತ್ತು ಚಿಲ್ಲರೆ ಯೂನಿಟ್ ಓಡುತ್ತದೆ. ಒಂದು ಫ್ರಿಜ್, ಒಂದು ಟಿವಿ, ದೇವರ ಮನೆಯ ಝೀರೋ ಬಲ್ಬು. ದೀಪಾವಳಿ ತಿಂಗಳು ಮತ್ತು ಮೇ ತಿಂಗಳು ಮಾತ್ರ ಎಂಬತ್ತಕ್ಕೆ ಏರುತ್ತದೆ. ಮೊಮ್ಮಕ್ಕಳು ಬಂದಿದ್ದರು ಅಂತ ನನಗೆ ಬೋರ್ಡ್ ನೋಡಿದರೆ ಗೊತ್ತಾಗುತ್ತದೆ. ಮೇಲಿನ ಮನೆ ಎಂಟು ತಿಂಗಳು ಖಾಲಿ ಇತ್ತು. 11,000 ಹೇಳುತ್ತಿದ್ದರು. ಕೇಳಲು ಬಂದವರೆಲ್ಲ ಬಾಡಿಗೆ ಜಾಸ್ತಿ ಅಂತ ವಾಪಸ್. ಕೊನೆಗೆ ಬಂದವಳು ಒಬ್ಬ ನರ್ಸ್, ಜೊತೆಗೆ ಅವಳ ತಮ್ಮ. ಅಮ್ಮ 8,000ಕ್ಕೆ ಒಪ್ಪಿದರು. ಮುಂದಿನ ತಿಂಗಳು ಮಜ್ಜಿಗೆ ಕೊಡುತ್ತಾ ನನಗೆ ಹೇಳಿದರು, "ದುಡ್ಡು ಯಾರಿಗೆ ಬೇಕು ಮಾರಾಯ, ರಾತ್ರಿ ಎದೆ ನೋವು ಬಂದ್ರೆ ಕೂಗಿದ್ರೆ ಕೇಳೋಕೆ ಒಂದು ಜೀವ ಬೇಕಲ್ಲ."

ಇಂಥ ಮನೆ ಈ ಊರಿನಲ್ಲಿ ಬಹಳ. ಕೆಳಗೆ ವಯಸ್ಸಾದವರು, ಮೇಲೆ ಬೀಗ. ಇಲ್ಲಿ ಬಾಡಿಗೆ ಬಗ್ಗೆ ಮೊದಲು ಮಾತಾಡಬೇಡಿ. ಕೂತು ಕಾಫಿ ಕುಡಿಯಿರಿ. ನೀವು ಯಾರು, ಯಾವ ಊರು, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಹೇಳಿ. ಬಾಡಿಗೆ ತಾನಾಗಿ ಇಳಿಯುತ್ತದೆ. ಆದರೆ ಮಗ ಬೆಂಗಳೂರಿನಿಂದ ಫೋನ್ ಮಾಡಿ "ಅಷ್ಟು ಕಮ್ಮಿಗೆ ಯಾಕೆ ಕೊಟ್ಟೆ" ಅನ್ನುವ ಮೊದಲು ಕರಾರು ಬರೆಸಿಬಿಡಿ.

"ಯಾವ ಜನ ನೀವು?" ಅನ್ನುವ ಪ್ರಶ್ನೆ ಬರುತ್ತದೆ. "ಬಾಡಿಗೆಗಿದೆ" ಅನ್ನುವ ಬೋರ್ಡ್ ಮೇಲೆ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಇರುತ್ತದೆ, ಅದರ ಅರ್ಥ ಎಲ್ಲರಿಗೂ ಗೊತ್ತು. ನನಗೂ ಎರಡು ಕಡೆ ಮನೆ ಇಲ್ಲ ಅಂದಿದ್ದಾರೆ, ಅದೇ ಮನೆಯ ಮೀಟರ್ ಓದಲು ಮಾತ್ರ ಪ್ರತಿ ತಿಂಗಳು ಒಳಗೆ ಕರೆಯುತ್ತಾರೆ. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಸುಳ್ಳು ಹೇಳಿ ಮನೆ ಹಿಡಿಯಬೇಡಿ. ದಿನಾ ಮೀನಿನ ವಾಸನೆಗೆ ಹೆದರಿ ಕಿಟಕಿ ಮುಚ್ಚಿಕೊಂಡು ಬದುಕುವುದು ಸುಖ ಅಲ್ಲ.

ಯಾವಾಗ ಹುಡುಕಬೇಕು

ಏಪ್ರಿಲ್, ಮೇ ತಿಂಗಳಲ್ಲಿ ಹುಡುಕಬೇಡಿ ಅಂದರೆ ನಗುತ್ತೀರಿ, ಯಾಕೆಂದರೆ ಎಲ್ಲರೂ ಹುಡುಕುವುದೇ ಆಗ. ಶಾಲೆ, ಕಾಲೇಜು ಶುರುವಾಗುವ ಮೊದಲು ಮಲೆನಾಡಿನ ಅರ್ಧ ತಾಯಂದಿರು ಶಿವಮೊಗ್ಗದ ಬೀದಿಯಲ್ಲಿರುತ್ತಾರೆ. ಓನರ್ ಬಾಯಿಗೆ ಬಂದಷ್ಟು ಹೇಳುತ್ತಾನೆ.

ಆಷಾಢ ನೋಡಿ. ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲ. ಜೂನ್‌ನಲ್ಲಿ ಹೋಗದೆ ಉಳಿದ ಮನೆ ಇನ್ನು ಶ್ರಾವಣದವರೆಗೆ ಖಾಲಿ ಅಂತ ಓನರ್‌ಗೂ ಗೊತ್ತು. ಅದೂ ಅಲ್ಲದೆ ಅದು ಜೋರು ಮಳೆಯ ಕಾಲ. ಮನೆಯ ನಿಜವಾದ ಮುಖ ಆಗ ಕಾಣುತ್ತದೆ. ನಾನು ಈಗಿರುವ ಮನೆಯನ್ನು ಆಷಾಢದಲ್ಲಿ ನೋಡಿ, ಅಡ್ವಾನ್ಸ್ ಕೊಟ್ಟು, ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕಿಸಿದೆ. ಓನರ್ 8,500 ಹೇಳಿದ್ದರು, 7,500ಕ್ಕೆ ಆಯಿತು. ಕೊಡೆ ಹಿಡಿದುಕೊಂಡು ಮನೆ ನೋಡಲು ಬಂದವನು ನಾನೊಬ್ಬನೇ ಅಂತೆ.

ಮನೆ ನೋಡುವ ರೀತಿ

ಒಳಗೆ ಹೋಗುವ ಮೊದಲು ಮೀಟರ್ ಬೋರ್ಡ್ ಎದುರು ನಿಲ್ಲಿ. ನಿಮಗೆ ಬಾಡಿಗೆಗೆ ಕೊಡುವ ಭಾಗಕ್ಕೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್) ಇದೆಯಾ ಕೇಳಿ. ಇಲ್ಲದೆ ಓನರ್ ಮೀಟರಿನಿಂದಲೇ ಒಂದು ಸಬ್ ಮೀಟರ್ ಎಳೆದಿದ್ದರೆ ನಿಮಗೆ ಸರ್ಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿ ಸಿಗುವುದಿಲ್ಲ. ಓನರ್ ಯೂನಿಟ್‌ಗೆ ಇಷ್ಟು ಅಂತ ತಾನೇ ರೇಟ್ ಹಾಕುತ್ತಾನೆ. ಬಾಡಿಗೆ 500 ಕಮ್ಮಿ ಅಂತ ಖುಷಿಪಟ್ಟು ಹೋದವರು ಕರೆಂಟಿಗೆ 700 ಕೊಟ್ಟಿದ್ದು ನೋಡಿದ್ದೇನೆ.

ಆಮೇಲೆ ಹಳೇ ಬಿಲ್ ಕೇಳಿ. ಒಂದು ಸಾಲದು, ಜೂನ್, ಜುಲೈ, ಆಗಸ್ಟ್‌ನ ಮೂರು ಬೇಕು. ಅದರಲ್ಲಿ ನೋಡಬೇಕಾದ್ದು ಇಷ್ಟು. ಬಾಕಿ ಎಷ್ಟಿದೆ? ಹಿಂದಿನವರು ಕಟ್ಟದೆ ಹೋದ ಬಾಕಿ ಆ ಮೀಟರಿನ ಲೆಕ್ಕದಲ್ಲೇ ಉಳಿಯುತ್ತದೆ, ಫ್ಯೂಸ್ ತೆಗೆಯಲು ಬಂದಾಗ ಕತ್ತಲಲ್ಲಿ ಕೂರುವವರು ನೀವು. ಮಂಜೂರಾದ ಲೋಡ್ ಎಷ್ಟು? ಒಂದು ಕಿಲೋವ್ಯಾಟ್ ಅಂತ ಇದ್ದು ಬಚ್ಚಲಲ್ಲಿ ಎರಡು ಕಿಲೋವ್ಯಾಟಿನ ಗೀಸರ್ ಇದ್ದರೆ ಓನರ್‌ಗೆ ಹೇಳಿ ಲೋಡ್ ಸರಿ ಮಾಡಿಸಿ. ಗೃಹಜ್ಯೋತಿಯ ಅರ್ಹತಾ ಯೂನಿಟ್ ಎಷ್ಟು? ಇದನ್ನು ಯಾರೂ ನೋಡುವುದಿಲ್ಲ. 200 ಯೂನಿಟ್ ಎಲ್ಲರಿಗೂ ಫ್ರೀ ಅಂದುಕೊಂಡಿದ್ದಾರೆ. ಹಾಗಲ್ಲ. 2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾದಾಗ 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅರ್ಹತೆ ಕಟ್ಟಿದರು. 200 ಅನ್ನುವುದು ಮೇಲಿನ ಮಿತಿ. ಆ ವರ್ಷ ಮನೆಗೆ ಬೀಗ ಇತ್ತು ಅಂದರೆ ಅರ್ಹತೆ ಚಿಕ್ಕದಿರಬಹುದು. ಅರ್ಹತೆ 40 ಇದ್ದು ನೀವು 90 ಬಳಸಿದರೆ 50 ಯೂನಿಟ್ ನಿಮ್ಮ ಜೇಬಿನಿಂದ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಒಂದೆರಡು ವರ್ಷದ ಬಿಲ್ ಸಿಕ್ಕರೆ ಅದರಲ್ಲಿ ಇನ್ನೊಂದು ಕಥೆ ಇರುತ್ತದೆ. ಆರು ತಿಂಗಳು ಅರವತ್ತು ಯೂನಿಟ್, ಮೂರು ತಿಂಗಳು ಸೊನ್ನೆ, ಮತ್ತೆ ಐದು ತಿಂಗಳು ನೂರು, ಮತ್ತೆ ಸೊನ್ನೆ. ಹೀಗಿದ್ದರೆ ಆ ಮನೆಯಲ್ಲಿ ಯಾರೂ ನಿಲ್ಲುತ್ತಿಲ್ಲ. ಯಾಕೆ ಅಂತ ಓನರ್ ಹೇಳುವುದಿಲ್ಲ. ಎದುರಿನ ಅಂಗಡಿಯಲ್ಲಿ ಒಂದು ಬಾಳೆಹಣ್ಣು ತಗೊಂಡು ಕೇಳಿ. ನೀರಿನ ಜಗಳ, ಕುಡುಕ ಮಗ, ಸೋರುವ ಮಾಡು, ಏನಾದರೊಂದು ಹೊರಗೆ ಬರುತ್ತದೆ.

ಮೀಟರ್ ಬೋರ್ಡಿನ ಎತ್ತರವನ್ನೂ ನೋಡಿ. ತಮಾಷೆ ಅಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆಯ ಗಾಜನೂರು ಡ್ಯಾಮಿನಿಂದ ಬಿಟ್ಟ ನೀರು ಊರಿಗೆ ನುಗ್ಗಿದ್ದು ನೆನಪಿದೆಯಲ್ಲ? ಕುಂಬಾರಗುಂಡಿ, ಇಮಾಮ್‌ಬಾಡ, ವಿದ್ಯಾನಗರ, ರಾಜೀವ್ ಗಾಂಧಿ ಬಡಾವಣೆ, ಶಾಂತಮ್ಮ ಲೇಔಟ್ ಕಡೆ ಮನೆಯೊಳಗೆ ನೀರು ನಿಂತಿತ್ತು. ನೀರು ಇಳಿದ ಮೇಲೆ ಹೋದಾಗ ಕೆಲವು ಬೋರ್ಡುಗಳ ಒಳಗೆ ಕೆಸರು ತುಂಬಿತ್ತು. ಆಮೇಲೆ ಮೀಟರನ್ನು ಮೇಲಕ್ಕೆ ಏರಿಸಿಕೊಂಡವರು ಇದ್ದಾರೆ. ತಗ್ಗಿನ ಬೀದಿಯಲ್ಲಿ ಬೋರ್ಡ್ ನಿಮ್ಮ ತಲೆಗಿಂತ ಮೇಲಿದ್ದು, ಹಳೇ ಬೋರ್ಡಿನ ಗುರುತು ಕೆಳಗೆ ಸಿಮೆಂಟ್ ಮೆತ್ತಿದ ಹಾಗೆ ಕಂಡರೆ, ಆ ಮನೆ ನೀರು ನೋಡಿದೆ ಅಂತ ಅರ್ಥ. ಹೊಸದಾಗಿ ಬಳಿದ ಬಣ್ಣಕ್ಕೆ ಮೋಸ ಹೋಗಬೇಡಿ. ಹೊಳೆ ಹತ್ತಿರ ಬಾಡಿಗೆ ಕಮ್ಮಿ ಇರುವುದಕ್ಕೆ ಇದೂ ಒಂದು ಕಾರಣ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತು ಅಂದರೆ ಸಾಮಾನು ಅಟ್ಟಕ್ಕೆ ಏರಿಸಬೇಕು ಅನ್ನುವ ಲೆಕ್ಕ ಅಲ್ಲಿನವರಿಗೆ ಬಾಯಿಪಾಠ. ನೀವೂ ಕಲಿಯಬೇಕಾಗುತ್ತದೆ.

ಈಗ ಒಳಗೆ ಬನ್ನಿ. ಪಡುವಣ ಗೋಡೆಗೆ ಅಂಗೈ ಇಡಿ. ಮಳೆ ಇರಿಚಲು ಹೊಡೆಯುವುದು ಆ ಕಡೆಯಿಂದ. ತಣ್ಣಗಿದ್ದರೆ ಪರವಾಗಿಲ್ಲ, ಒದ್ದೆ ಅನಿಸಿದರೆ ಬೇಡ. ಬೀರು ಇದ್ದ ಜಾಗದ ಹಿಂದೆ ನೋಡಿ, ಬೂಷ್ಟಿನ ಕಪ್ಪು ಕಲೆ ಅಲ್ಲೇ ಉಳಿದಿರುತ್ತದೆ. ಮೇಲಿನ ಮಹಡಿ ಆದರೆ ತಾರಸಿಯ ಮೇಲೆ ತಗಡಿನ ಶೀಟ್ ಹಾಕಿಸಿದ್ದಾರಾ ಕೇಳಿ. ಹಾಕಿಸಿದ್ದರೆ ಬೇಸಿಗೆಯಲ್ಲಿ ಫ್ಯಾನ್ ಸಾಕು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗ. ನನ್ನ ಹೆಂಡತಿ ಮನೆ ನೋಡಲು ಬಂದರೆ ಅಡುಗೆಮನೆಗಿಂತ ಮೊದಲು ಅಲ್ಲಿಗೆ ಹೋಗುತ್ತಾಳೆ.

ಸೋಲಾರ್ ಇದೆ ಅಂತ ಓನರ್ ದೊಡ್ಡದಾಗಿ ಹೇಳುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನೇ ಇರುವುದಿಲ್ಲ, ಆಗ ಗೀಸರ್ ಓಡಬೇಕು. ಮಳೆಗಾಲದ ಬಿಲ್ ಕೇಳಿ ಅಂದಿದ್ದು ಅದಕ್ಕೇ. ಹಿಂದೆ ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ಬಿಡಬೇಡಿ. ಹಳೇ ಬಡಾವಣೆಗಳಲ್ಲಿ ಇನ್ನೂ ಇವೆ. ತೆಂಗಿನ ಮಟ್ಟೆ ಒಟ್ಟಿದರೆ ಸಾಕು, ಮನೆಮಂದಿಗೆಲ್ಲ ಬಿಸಿನೀರು.

ನೀರಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ನಲ್ಲಿಯಲ್ಲಿ ತುಂಗೆ ನೀರು ಬರುತ್ತದಾ, ಎಷ್ಟು ಹೊತ್ತಿಗೆ, ಸಂಪ್ ಯಾರದ್ದು, ಮೋಟರ್ ಕರೆಂಟ್ ಯಾರ ಮೀಟರಿಗೆ. ಮೋಟರ್ ನಿಮ್ಮ ಮೀಟರಿಗೆ ಇದ್ದು ಟ್ಯಾಂಕ್ ಮೂರು ಮನೆಗೆ ಆದರೆ ಜಗಳ ಖಾತ್ರಿ.

ಎಷ್ಟು ಕೊಡಬಹುದು

ಕಳೆದ ವರ್ಷ ನಾನು ಹುಡುಕುವಾಗ ಎರಡು ಬೆಡ್‌ರೂಮಿನ ಮನೆಗೆ ನನಗೆ ಹೇಳಿದ ಬಾಡಿಗೆ ಹೀಗಿತ್ತು: ವಿನೋಬನಗರದಲ್ಲಿ ಕೆಳಗಿನ ಮನೆ 12,000, ಗೋಪಾಳದಲ್ಲಿ 9,500, ಸೋಮಿನಕೊಪ್ಪ ಕಡೆ 7,500. ಭದ್ರಾವತಿಯಲ್ಲಿ ನಮ್ಮ ಅಕ್ಕ 5,000ಕ್ಕೆ ಇದ್ದಾಳೆ, ಅಂಗಳ ಸಮೇತ. ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲೆ ಅಲ್ಲಿ ಮನೆ ಸಿಗುವುದು ಕಷ್ಟ ಅಲ್ಲ, ಮನೆಗೆ ಜನ ಸಿಗುವುದು ಕಷ್ಟ. ಇವು ನನ್ನ ಕಿವಿಗೆ ಬಿದ್ದ ಅಂಕಿಗಳು, ಊರಿನ ಸರಾಸರಿ ಅಲ್ಲ. ನವುಲೆ ಕಡೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ನಾಲ್ಕು ಜನ ಸೇರಿ ಒಂದು ಮನೆ ಹಿಡಿಯುತ್ತಾರೆ, ತಲೆಗೆ 3,000 ಹಾಕಿದರೆ 12,000 ಆಯಿತು. ಸಂಸಾರಸ್ಥರು ಅವರ ಜೊತೆ ಪೈಪೋಟಿ ಮಾಡಲು ಆಗುವುದಿಲ್ಲ. ಆ ಬೀದಿ ಬಿಟ್ಟುಬಿಡಿ. ಮಾಚೇನಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗುವವರಾದರೆ ಭದ್ರಾವತಿಯನ್ನೂ ಲೆಕ್ಕಕ್ಕೆ ತಗೊಳ್ಳಿ, ಮಾಚೇನಹಳ್ಳಿ ಎರಡೂ ಊರಿನ ನಡುವೆ ಇದೆ.

ಬಾಡಿಗೆ ಆದಾಯದ ಮೂರರಲ್ಲಿ ಒಂದು ಪಾಲು ಮೀರಬಾರದು ಅನ್ನುತ್ತಾರೆ. ನನ್ನ ಲೆಕ್ಕ ಬೇರೆ. ಬಾಡಿಗೆ, ಕರೆಂಟ್, ನೀರು, ಓಡಾಟ ಎಲ್ಲ ಸೇರಿ ಮೂರರಲ್ಲಿ ಒಂದು ಪಾಲು. ನನ್ನ ಸಂಬಳ, ಹೆಂಡತಿಯ ಹೊಲಿಗೆ ಸೇರಿ ತಿಂಗಳಿಗೆ 31,000 ಆಗುತ್ತದೆ. ಬಾಡಿಗೆ 7,500. ಊರಿನ ನಡುವೆ ಇದ್ದರೆ ಬೈಕು ಓಡುವುದು ಕಮ್ಮಿ. ಆಚೆ ಬಡಾವಣೆಗೆ ಬಂದ ಮೇಲೆ ದಿನಕ್ಕೆ 12 ಕಿ.ಮೀ. ಜಾಸ್ತಿ. 26 ದಿನಕ್ಕೆ 312 ಕಿ.ಮೀ., ನನ್ನ ಬೈಕಿಗೆ ಏಳು ಲೀಟರ್ ಪೆಟ್ರೋಲ್. ಲೀಟರಿಗೆ ನೂರು ಚಿಲ್ಲರೆ ಹಿಡಿದರೂ 700 ದಾಟಿತು. ಮಗಳ ಟ್ಯೂಶನ್‌ಗೆ ಇನ್ನೊಂದು ಸಲ ಹೋಗಿ ಬಂದರೆ ಅದರ ಎರಡು ಪಟ್ಟು. 2,000 ಕಮ್ಮಿ ಬಾಡಿಗೆಯ ಮನೆಯಲ್ಲಿ ನನಗೆ ಉಳಿಯುವುದು 600. ಆದರೂ ಬಂದೆ, ಗಾಳಿ ಬೆಳಕು ಚೆನ್ನಾಗಿದೆ ಅಂತ.

ಬಸ್ಸಿನ ಲೆಕ್ಕವನ್ನೂ ಹಾಕಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಆದರೆ ನಮ್ಮ ಕಡೆ ಓಡುವುದು ಬಹುಪಾಲು ಖಾಸಗಿ ಬಸ್, ಅಲ್ಲಿ ಆ ಶಕ್ತಿ ಯೋಜನೆ ನಡೆಯುವುದಿಲ್ಲ. ನೀವು ಹೋಗುವ ಬಡಾವಣೆಗೆ ಸರ್ಕಾರಿ ಬಸ್ ಬರುತ್ತದಾ ಅಂತ ಒಂದು ಬೆಳಿಗ್ಗೆ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು ನೋಡಿ.

ಅಡ್ವಾನ್ಸ್ ಇಲ್ಲಿ ಬೆಂಗಳೂರಿನಷ್ಟು ಕೇಳುವುದಿಲ್ಲ. ನಾನು ಬಾಡಿಗೆಗೆ ಹಿಡಿದ ಮನೆಗಳಿಗೆಲ್ಲ ಐದಾರು ತಿಂಗಳ ಬಾಡಿಗೆ ಕೊಟ್ಟಿದ್ದೇನೆ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿಯುತ್ತಾರೆ. ಎಷ್ಟು ಹಿಡಿಯುತ್ತಾರೆ, ಎಷ್ಟು ವರ್ಷ ಇದ್ದರೆ ಹಿಡಿಯುತ್ತಾರೆ, ಕರಾರಿನಲ್ಲೇ ಬರೆಸಿ. ಇನ್ನೊಂದು ತಮಾಷೆ: ಕೆಲವು ಓನರ್‌ಗಳು ಬಾಡಿಗೆ 8,300 ಅನ್ನುತ್ತಾರೆ. ಈ 300 ಎಲ್ಲಿಂದ ಬಂತು? ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎಗೆ (ಮನೆ ಬಾಡಿಗೆ ಭತ್ಯೆಗೆ) ತೆರಿಗೆ ವಿನಾಯಿತಿ ಕೇಳುವ ನೌಕರ ಓನರ್‌ನ ಪಾನ್ ನಂಬರ್ ಕೊಡಬೇಕು. 8,300ಕ್ಕೆ ವರ್ಷಕ್ಕೆ 99,600. ಲೆಕ್ಕ ಬಲ್ಲವರು!

ಭೋಗ್ಯ ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ

2016ರಲ್ಲಿ ನಮ್ಮ ಹತ್ತಿರ ಸ್ವಲ್ಪ ದುಡ್ಡಿತ್ತು. ಊರಿನ ಅಡಿಕೆಯಲ್ಲಿ ನನ್ನ ಪಾಲು, ಹೆಂಡತಿಯ ಚೀಟಿ ಎತ್ತಿದ್ದು, ಸೇರಿ ನಾಲ್ಕು ಲಕ್ಷ. ಒಬ್ಬರು ಮನೆ ತೋರಿಸಿದರು. ಹೊಸ ಮನೆ, ಗ್ರಾನೈಟ್ ನೆಲ. ನಾಲ್ಕು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ನಾಲ್ಕು ಲಕ್ಷ ವಾಪಸ್. ಆ ಮನೆಗೆ ಬಾಡಿಗೆ 6,500 ಆಗುತ್ತಿತ್ತು. ವರ್ಷಕ್ಕೆ 78,000 ಉಳಿತಾಯ. ಬ್ಯಾಂಕಿನಲ್ಲಿಟ್ಟರೆ ಅಷ್ಟು ಬಡ್ಡಿ ಯಾವ ಕಾಲಕ್ಕೂ ಬರುವುದಿಲ್ಲ. ಇಬ್ಬರೂ ಖುಷಿಯಿಂದ 100 ರೂಪಾಯಿ ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿದೆವು.

ಒಂಬತ್ತನೇ ತಿಂಗಳು ಬಾಗಿಲಿಗೆ ಬ್ಯಾಂಕಿನವರ ನೋಟಿಸ್ ಅಂಟಿತ್ತು. ನಾನು ಬೇರೆಯವರ ಬಾಗಿಲಿಗೆ ಚೀಟಿ ಸಿಕ್ಕಿಸಿ ಮನೆಗೆ ಬಂದರೆ ನನ್ನ ಬಾಗಿಲಲ್ಲೇ ಚೀಟಿ. ಓನರ್ ಮನೆಯ ಮೇಲೆ ಸಾಲ ಮಾಡಿ ಕಂತು ಕಟ್ಟಿರಲಿಲ್ಲ. ಮನೆ ಬಿಟ್ಟೆವು. ದುಡ್ಡು ಒಂದೂವರೆ ವರ್ಷದಲ್ಲಿ ಚೂರುಚೂರಾಗಿ ಬಂತು. ಕೊನೆಯ 40,000 ಬರಲೇ ಇಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 78,000 ಬಾಡಿಗೆ ಬಿಡುವುದು ಅಂದರೆ ಓನರ್ ನನಗೆ ಶೇ. 19.5 ಬಡ್ಡಿ ಕೊಟ್ಟ ಹಾಗೆ. ಅಷ್ಟು ಬಡ್ಡಿಗೆ ಸಾಲ ತೆಗೆಯುವವನು ಯಾರು? ಬ್ಯಾಂಕು ಇನ್ನು ಕೊಡುವುದಿಲ್ಲ ಅಂದವನು. ಈ ಲೆಕ್ಕವನ್ನು ಸಹಿ ಹಾಕುವ ಮೊದಲು ಹಾಕಬೇಕಿತ್ತು, ಅಲ್ವಾ?

ಭೋಗ್ಯಕ್ಕೆ ಹೋಗಲೇಬೇಕು ಅಂದರೆ ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಕೊಟ್ಟರೆ ಮೂಲ ಯಾವುದೋ ಬ್ಯಾಂಕಿನ ಲಾಕರಿನಲ್ಲಿದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಒಂದು ವರ್ಷ ಮೀರಿದ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಬೇಕು. ಭೋಗ್ಯ ಪತ್ರಕ್ಕೂ ನೋಂದಣಿ ಬೇಕು. ಎಲ್ಲರೂ 11 ತಿಂಗಳ ಕರಾರು ಬರೆಯುವುದು ಇದನ್ನು ತಪ್ಪಿಸಲಿಕ್ಕೆ. ಮಾಮೂಲಿ ಬಾಡಿಗೆಗೆ ಅದು ನಡೆಯುತ್ತದೆ. ಲಕ್ಷಗಟ್ಟಲೆ ಕೊಡುವಾಗ ನೋಂದಣಿ ಖರ್ಚು ಉಳಿಸಲು ಹೋಗಬೇಡಿ. "ನೋಂದಣಿ ಮಾಡಿಸೋಣ" ಅಂದ ಕೂಡಲೇ ಓನರ್ ಮುಖ ನೋಡಿ, ಅರ್ಧ ವಿಷಯ ಗೊತ್ತಾಗುತ್ತದೆ.

ಸ್ವಂತದ್ದು ಯಾಕೆ ತಗೊಳ್ಳಬಾರದು ಅನ್ನುವವರಿಗೆ

ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ 45 ಲಕ್ಷದ ಮನೆ ತೋರಿಸಿದರು. ಹೆಣ್ಣಿನ ಕಡೆಯವರು "ಶಿವಮೊಗ್ಗದಲ್ಲಿ ಸ್ವಂತ ಮನೆ ಇದೆಯಾ" ಅಂತ ಕೇಳಿದ್ದರಂತೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಒಟ್ಟು 7.6, ಅಂದರೆ 3.42 ಲಕ್ಷ ಬರೀ ಕಾಗದಕ್ಕೆ. 35 ಲಕ್ಷ ಸಾಲ 20 ವರ್ಷಕ್ಕೆ ಶೇ. 8.5ರಂತೆ ತೆಗೆದರೆ ಕಂತು 30,000 ಮೀರುತ್ತದೆ. ಅದೇ ಮನೆ ಬಾಡಿಗೆಗೆ 9,500ಕ್ಕೆ ಸಿಗುತ್ತದೆ. ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಹಾಗಾದ್ರೆ ಹೆಣ್ಣು?" ಅಂದ. ಅದಕ್ಕೆ ನನ್ನ ಹತ್ತಿರ ಮೀಟರ್ ಇಲ್ಲ.

ತಗೊಳ್ಳುವವರು ಕಾಗದ ನೋಡಿ ತಗೊಳ್ಳಿ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಗದ್ದೆಗೆಲ್ಲ ಕಲ್ಲು ನೆಟ್ಟು "ಏರ್‌ಪೋರ್ಟ್ ಹತ್ತಿರ" ಅಂತ ಸೈಟ್ ತೋರಿಸುವವರು ಬಹಳ. ಭೂಪರಿವರ್ತನೆ ಆಗಿದೆಯಾ, ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯಾ, ಆಸ್ತಿ ದಾಖಲೆಯಾಗಿ ಪಾಲಿಕೆ ವ್ಯಾಪ್ತಿ ಆದರೆ ಇ-ಖಾತೆ, ಪಂಚಾಯಿತಿ ಆದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇದೆಯಾ ನೋಡಿ. ಆ ಜಾಗದ ಸರ್ಕಾರಿ ಮಾರ್ಗಸೂಚಿ ಬೆಲೆ ಕಾವೇರಿ ಪೋರ್ಟಲ್‌ನಲ್ಲಿ ಸುಮ್ನೆ ಸಿಗುತ್ತದೆ. ಕೇಳುವ ಬೆಲೆಗೂ ಅದಕ್ಕೂ ಎಷ್ಟು ದೂರ ಅಂತ ತಿಳಿದುಕೊಂಡು ಮಾತಿಗೆ ಕೂರಿ.

ಘಟ್ಟದ ಕಡೆ ಹಳ್ಳಿಯಲ್ಲಿ ಕಮ್ಮಿಗೆ ಮನೆ ಸಿಗುತ್ತದೆ ಅಂತ ಹೋಗುವವರು ಇನ್ನೂ ಹುಷಾರಾಗಿರಬೇಕು. ನಮ್ಮ ಅಜ್ಜ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಕಟ್ಟಿದಾಗ ಗದ್ದೆ ಮನೆ ನೀರಿಗೆ ಬಿಟ್ಟು ಹೊಸನಗರದ ಈ ಕಡೆ ಬಂದರು. ಕೂತ ಜಾಗ ಕಾಗದದಲ್ಲಿ ಕಾಡು. ನನ್ನ ಅಪ್ಪ ಆ ಮನೆಯಲ್ಲೇ ಹುಟ್ಟಿ, ಅಲ್ಲೇ ಮುದುಕರಾದರು, ಹಕ್ಕುಪತ್ರ ಇನ್ನೂ ಬಂದಿಲ್ಲ. ಕರೆಂಟ್ ಇದೆ, ಮೀಟರ್ ಇದೆ, ಬಿಲ್ ಬರುತ್ತದೆ, ಮನೆ ಮಾತ್ರ ನಮ್ಮದಲ್ಲ. ಕರೆಂಟ್ ಬಿಲ್ ತೋರಿಸಿ "ಮನೆ ನಮ್ಮದೇ" ಅನ್ನುವವರು ಸಿಗುತ್ತಾರೆ. ಬಿಲ್ಲಿನಲ್ಲಿ ಹೆಸರು ಇದ್ದ ಮಾತ್ರಕ್ಕೆ ಜಾಗದ ಹಕ್ಕು ಬರುವುದಿಲ್ಲ, ಬಿಲ್ ಕೊಡುವವನೇ ಹೇಳುತ್ತಿದ್ದೇನೆ. 94ಸಿ ಅಡಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ ಕಟ್ಟಿದ್ದನ್ನು ಸಕ್ರಮ ಮಾಡಿ ಕೊಟ್ಟ ಮನೆ ಆದರೆ ಎಷ್ಟು ವರ್ಷ ಮಾರಬಾರದು ಅನ್ನುವ ಷರತ್ತನ್ನು ಹಕ್ಕುಪತ್ರದಲ್ಲೇ ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದು ನಿಲ್ಲುವುದಿಲ್ಲ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು) ಕಟ್ಟಿದ ಮನೆ ಆದರೆ ನೋಡಲೂ ಹೋಗಬೇಡಿ.

ಮನೆ ಸೇರುವ ದಿನ

ಹಾಲು ಉಕ್ಕಿಸುವ ಮೊದಲು ಮೀಟರಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಬಿಡುವ ಮನೆಯ ಮೀಟರಿನದ್ದೂ ತೆಗೆಯಿರಿ. ಹಳೇ ಮನೆಯ ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಬೇಕು, ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಅಂತ ಇದೆ. ಒಬ್ಬರಿಗೆ ಒಂದೇ ಮೀಟರ್. ಹಾಗೇ ಹೊಸ ಮನೆಯಲ್ಲಿ ಮೊದಲಿದ್ದವರು ಡಿ-ಲಿಂಕ್ ಮಾಡಿಸಿದ್ದಾರಾ ಕೇಳಿ, ಇಲ್ಲದಿದ್ದರೆ ನಿಮ್ಮದು ಅಲ್ಲಿ ಕೂರುವುದಿಲ್ಲ. ಅವರು ಈಗ ಎಲ್ಲಿದ್ದಾರೋ, ಫೋನ್ ಎತ್ತುತ್ತಾರೋ ಇಲ್ಲವೋ. ಅದಕ್ಕೇ ಅಡ್ವಾನ್ಸ್ ಪೂರ್ತಿ ಕೊಡುವ ಮೊದಲೇ ಓನರ್ ಕೈಯಲ್ಲಿ ಇದನ್ನು ಮಾಡಿಸಿಬಿಡಿ.

ಮತ್ತೆ, ನಾಯಿ ಸಾಕಿದ್ದರೆ ತಿಂಗಳ ಮೊದಲ ವಾರ ಕಟ್ಟಿಹಾಕಿ.